ಅಮಲು ಮತ್ತು ನಮ್ಮ ಹುಡುಗರು

(ಸಂಘದ ಮಾಸಿಕ ಸಭೆಯಲ್ಲಿ ಕಾರ್ಯಕಾರಿ ಸಮಿತಿಯ ಪರವಾಗಿ ಮಾಡಿದ ಭಾಷಣ)



ಇಂದಿನ ಸಭೆಯ ಮುಂದೆ ಎರಡು ವಿಷಯಗಳಿದ್ದವು. ಒಂದು, ಯಕ್ಷಗಾನದ ಆಟದ ಲೆಕ್ಕ. ಅದು ಮುಗಿಯಿತು, ಎಲ್ಲ ಖರ್ಚೂ ಕಳೆದು 14 ರೂಪಾಯಿ ಉಳಿದಿದೆಯೆಂದು ಖಜಾಂಚಿಯವರು ಹೇಳಿದಾಗ ತಾವೆಲ್ಲರೂ ನಕ್ಕಿರಿ. ಎರಡನೆಯ ವಿಷಯ ನಗುವಂಥದಲ್ಲ.

ಸಂಘದ ಖೋಲಿಯಲ್ಲಿದ್ದ ಒಬ್ಬ ಹುಡುಗನನ್ನು ಹೋದ ಶ್ರಾವಣದಲ್ಲಿ ನಾವು ಹೊರಗೆ ಹಾಕಿದೆವು. ಹೆಸರು ಬೇಡ, ಇಲ್ಲಿ ಕುಳಿತ ಹೆಚ್ಚಿನವರಿಗೆ ಗೊತ್ತಿದೆ. ಇಪ್ಪತ್ತೆರಡರ ಪ್ರಾಯ. ದೋಸೆಯ ಕಾವಲಿಯ ಮುಂದೆ ಅವನ ಕೈ ಓಡುವುದನ್ನು ನೋಡಲೆಂದೇ ಗಿರಾಕಿಗಳು ನಿಲ್ಲುತ್ತಿದ್ದರು. ಜೊತೆಗಾರರ ಪೆಟ್ಟಿಗೆಯಿಂದ ಹಣ ಹೋಯಿತು, ಒಬ್ಬನ ಮೊಬೈಲು ಹೋಯಿತು. ಹುಡುಕಿದಾಗ ಅವನ ದಿಂಬಿನೊಳಗೆ ಬಿಳಿ ಪುಡಿಯ ಪೊಟ್ಟಣ ಸಿಕ್ಕಿತು. ನಾವು ಅವನ ಟ್ರಂಕನ್ನು ಮೆಟ್ಟಿಲ ಮೇಲಿಟ್ಟು ಬಾಗಿಲು ಹಾಕಿಕೊಂಡೆವು. ನಮ್ಮ ನಿಯಮಾವಳಿಯಲ್ಲಿ ಹಾಗೆಯೇ ಇದೆ. ಅಂದು ರಾತ್ರಿ ನಮಗೆ ನಿದ್ದೆಯೂ ಚೆನ್ನಾಗಿಯೇ ಬಂತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆ ಪುಡಿ ಎಂ.ಡಿ. ಪೂರ್ತಿ ಹೆಸರು ಮೆಫೆಡ್ರೋನ್. ಈ ನಗರದ ಹುಡುಗರು ಮ್ಯಾಂವ್ ಮ್ಯಾಂವ್ ಎಂದೂ ಕರೆಯುತ್ತಾರೆ. 2015ರ ಫೆಬ್ರವರಿಯ ವರೆಗೆ ಇದು ಮಾದಕ ದ್ರವ್ಯಗಳ ಕಾನೂನಿನ ಪಟ್ಟಿಯಲ್ಲೇ ಇರಲಿಲ್ಲ. ಇದು ಹೆಂಡದಂತೆ ಮಲಗಿಸುವ ವಸ್ತುವಲ್ಲ, ಎಬ್ಬಿಸಿ ಕೂಡಿಸುವ ವಸ್ತು. ನಿದ್ದೆ ಹೋಗುತ್ತದೆ, ಹಸಿವು ಹೋಗುತ್ತದೆ, ಮೈಯಲ್ಲಿ ಇಲ್ಲದ ಬಲ ಇದ್ದಂತೆ ತೋರುತ್ತದೆ. ಕೆಲವೇ ತಾಸುಗಳಲ್ಲಿ ಅದು ಇಳಿದಾಗ ಮನಸ್ಸು ಮೊದಲಿಗಿಂತಲೂ ಕೆಳಗೆ ಬೀಳುತ್ತದೆ. ಮೇಲೆ ಬರಲು ಮತ್ತೊಂದು ಚಿಟಿಕೆ. ರಾತ್ರಿ ಹನ್ನೆರಡಕ್ಕೆ ಹೊಟೇಲಿನ ಶಟರ್ ಎಳೆದು, ಬೆಳಗಿನ ಐದಕ್ಕೆ ಮತ್ತೆ ಭಟ್ಟಿ ಹೊತ್ತಿಸುವ ಹುಡುಗನಿಗೆ ಇದನ್ನು ಮೊದಲು ಕೊಟ್ಟವನು ಮೋಜಿಗೆಂದು ಕೊಡಲಿಲ್ಲ. ಕೆಲಸಕ್ಕೆ ಒಳ್ಳೆಯದು ಎಂದು ಕೊಟ್ಟ. ಹದಿನೆಂಟು ತಾಸಿನ ದುಡಿಮೆಯ ಬಗ್ಗೆ ಮಾಲೀಕರೊಡನೆ ಮಾತಾಡಬೇಕಾಗಿದ್ದವರು ಯಾರು ಎಂದು ಕೇಳಿದರೆ ನಾವು ತಲೆ ತಗ್ಗಿಸಬೇಕಾಗುತ್ತದೆ.

ಈಗ ನಮ್ಮ ತರುಣರು ಕೇಳುವ ಪ್ರಶ್ನೆಗೆ ಬರೋಣ. "ಮಿತವಾಗಿ ತಕ್ಕೊಂಡರೆ ಏನು ಮಹಾ ತಪ್ಪು? ಊರಲ್ಲಿ ಅಜ್ಜ ಕಳ್ಳು ಕುಡಿಯುತ್ತಿರಲಿಲ್ಲವೇ? ಶಿವರಾತ್ರಿಗೆ ಭಂಗಿ ಇಲ್ಲವೇ?" ಈ ಪ್ರಶ್ನೆಯನ್ನು ಗದರಿಸಿ ಬಾಯಿ ಮುಚ್ಚಿಸುವುದು ನಮಗೆ ಸರಿಕಾಣುವುದಿಲ್ಲ. ಒಮ್ಮೆ ರುಚಿ ನೋಡಿದವರೆಲ್ಲ ಹಾಳಾಗುತ್ತಾರೆಂಬ ಮಾತು ನಿಜವಲ್ಲ. ಹುಡುಗರಿಗೆ ಅದು ನಿಜವಲ್ಲವೆಂದು ಗೊತ್ತು. ಹಾಗೆ ಹೇಳಿದ ದಿನದಿಂದ ಅವರು ನಮ್ಮ ಬೇರೆ ಮಾತನ್ನೂ ನಂಬುವುದಿಲ್ಲ. ದಿಲ್ಲಿಯ ಏಮ್ಸ್ ಸಂಸ್ಥೆಯವರು ಕೇಂದ್ರ ಸರಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ. ಅವರಲ್ಲಿ ಕುಡಿತದಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು 5.7 ಕೋಟಿ. ಅಂದರೆ ಮೂರರಲ್ಲಿ ಒಬ್ಬರು. ಮೂರರಲ್ಲಿ ಇಬ್ಬರು ತಪ್ಪಿಸಿಕೊಂಡರು ಎಂದೂ ಹೇಳಬಹುದು. ಆದರೆ ಆ ಒಬ್ಬ ಯಾರು ಎಂಬುದು ಮೊದಲ ಗ್ಲಾಸಿನ ಹೊತ್ತಿಗೆ ಯಾರ ಹಣೆಯ ಮೇಲೂ ಬರೆದಿರುವುದಿಲ್ಲ.

ಮಿತ ಎಂಬುದು ಬರೀ ಅಳತೆಯ ಮಾತೂ ಅಲ್ಲ. ಎಲ್ಲ ವಸ್ತುವಿಗೂ ಒಂದೇ ಮಿತ ನಡೆಯುವುದಿಲ್ಲ. ಬ್ರೌನ್ ಶುಗರಿಗೆ ಮಿತವಿದೆಯೆಂದು ತಿಳಿದವನು ಮೋಸಹೋದ. ದಿನವೂ ಸೇದುವವನಿಗೆ ಕೆಲವು ವಾರಗಳಲ್ಲೇ ಅದಿಲ್ಲದೆ ಮೈ ನೋವು, ವಾಂತಿ, ಭೇದಿ, ನಡುಕ ಶುರುವಾಗುತ್ತದೆ. ಕಳ್ಳಬಟ್ಟಿಯಲ್ಲಂತೂ ಮಿತ ನಿಮ್ಮ ಕೈಯಲ್ಲೇ ಇಲ್ಲ. 2015ರ ಜೂನಿನಲ್ಲಿ ಮಾಲವಣಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತದ್ದು ಅತಿಯಾಗಿ ಕುಡಿದು ಅಲ್ಲ. ಸಾರಾಯಿಯಲ್ಲಿ ಮೆಥನಾಲ್ ಇತ್ತು. ಅದು ಹೊಟ್ಟೆಗೆ ಹೋದ ಮೇಲೆ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣನ್ನು, ಆಮೇಲೆ ಪ್ರಾಣವನ್ನು ತೆಗೆಯುತ್ತದೆ. ಸತ್ತವರು ಹೆಚ್ಚಾಗಿ ನಮ್ಮಂತೆಯೇ ದಿನಗೂಲಿಯ ಜನ.

ಅಳತೆಗಿಂತ ಕಾರಣವನ್ನು ನೋಡಿ ಎಂದು ನಾವು ಹೇಳುತ್ತೇವೆ. ಹಬ್ಬಕ್ಕೆ ಗೆಳೆಯರೊಡನೆ ಕುಡಿದವನು ಒಬ್ಬ. ನಿದ್ದೆ ಬರಲಿ ಎಂದು, ಊರಿನ ಸಾಲ ಮರೆಯಲಿ ಎಂದು, ಪಾಳಿಗೆ ಮೊದಲು ಕೈ ನಡುಗದಿರಲಿ ಎಂದು ಕುಡಿದವನು ಇನ್ನೊಬ್ಬ. ಎರಡನೆಯವನದು ಅರ್ಧ ಗ್ಲಾಸೇ ಇರಲಿ, ಅವನು ಆಗಲೇ ದಾರಿ ಹಿಡಿದಿದ್ದಾನೆ. ಹಿಂದೆ ಒಂದಕ್ಕೆ ಬರುತ್ತಿದ್ದ ಅಮಲಿಗೆ ಈಗ ಎರಡು ಬೇಕಾಗಿದೆಯೇ, ಇಂದು ಬೇಡ ನಾಳೆ ಎಂದು ಮುಂದೂಡಲು ಆಗುವುದೇ, ಎಷ್ಟು ತೆಗೆದುಕೊಂಡೆ ಎಂಬುದರ ಬಗ್ಗೆ ಸುಳ್ಳು ಹೇಳಬೇಕಾಗಿದೆಯೇ? ಇವನ್ನು ತನ್ನನ್ನೇ ಕೇಳಿಕೊಳ್ಳುವುದಕ್ಕೆ ಡಾಕ್ಟರು ಬೇಕಾಗಿಲ್ಲ.

ಗಿರಣಿಯ ಹಿರಿಯರು ಇಲ್ಲಿದ್ದಾರೆ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದ ದಿನ ಅವರಿಗೆ ನೆನಪಿದೆ. ಅದೇ ದಶಕದಲ್ಲಿ ಮರಾಠಿಯವರು ಗರ್ದ್ ಎನ್ನುವ ಬ್ರೌನ್ ಶುಗರೂ ಈ ನಗರವನ್ನು ಹೊಕ್ಕಿತು. ಮನೆಯಲ್ಲಿ ಸಂಬಳವಿಲ್ಲ, ಮಗನಿಗೆ ಕೆಲಸವಿಲ್ಲ, ಚಾಳಿನ ಕೆಳಗೆ ಪೊಟ್ಟಣ ಅಗ್ಗ. ಮುಂದಿನದನ್ನು ಅವರೇ ಹೇಳಲಿ. ಪುಣೆಯಲ್ಲಿ ಮರಾಠಿ ಲೇಖಕ ಅನಿಲ ಅವಚಟರು ಈ ಹುಡುಗರ ಬಗ್ಗೆ ಬರೆದರು, ಅದನ್ನೋದಿದ ಪು. ಲ. ದೇಶಪಾಂಡೆಯವರ ನೆರವಿನಿಂದ 1986ರಲ್ಲಿ ಮುಕ್ತಾಂಗಣವೆಂಬ ವ್ಯಸನಮುಕ್ತಿ ಕೇಂದ್ರವೇ ಎದ್ದಿತು. ಅನಿಲರ ಪತ್ನಿ, ವೈದ್ಯೆ ಅನಿತಾ ಅವಚಟರು ಅದನ್ನು ಕಟ್ಟಿದರು. ಚಟ ಒಂದು ಕಾಯಿಲೆ, ಕಾಯಿಲೆಯವನನ್ನು ಬೈದು ಗುಣಪಡಿಸಲಾಗದು ಎಂಬ ಮಾತು ನಮ್ಮ ಬಗಲಲ್ಲೇ ಇಷ್ಟು ವರ್ಷಗಳಿಂದ ನಡೆಯುತ್ತಿದ್ದರೂ ನಮ್ಮ ನಿಯಮಾವಳಿಗೆ ಅದು ತಾಗಿಲ್ಲ.

ಎರಡು ಮಾತು ಎಲ್ಲರಿಗೂ ತಿಳಿದಿರಬೇಕು. ಬಹುಕಾಲ ದಿನವೂ ವಿಪರೀತ ಕುಡಿದವನನ್ನು ಖೋಲಿಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಸೆಳವು ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣವೂ ಹೋಗಬಹುದು, ಆಸ್ಪತ್ರೆಗೆ ಕರೆದೊಯ್ಯಿರಿ. ಹಾಗೆಯೇ ಬ್ರೌನ್ ಶುಗರ್ ಕೆಲವು ತಿಂಗಳು ಬಿಟ್ಟವನು ಮತ್ತೆ ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಂತು ಸಾಯಬಹುದು, ಏಕೆಂದರೆ ಮೈಗೆ ಹಳೆಯ ತಾಳಿಕೆ ಉಳಿದಿರುವುದಿಲ್ಲ. ಪೋಲೀಸರ ಭಯದಿಂದ ಚಿಕಿತ್ಸೆಗೆ ಹೋಗದವರಿದ್ದಾರೆ. 1985ರ ಮಾದಕ ದ್ರವ್ಯಗಳ ಕಾನೂನಿನ 64-ಎ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆಪಾದನೆಯಿರುವ ವ್ಯಸನಿಯು ತಾನಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ಇದೆ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಮಾತ್ರ ವಿನಾಯಿತಿ ಹೋಗಬಹುದು. ಸರಕಾರದ ಸಹಾಯವಾಣಿ 14446, ಖರ್ಚಿಲ್ಲ. ಹೀಗಿದ್ದರೂ ಆ 2019ರ ಸಮೀಕ್ಷೆ ಹೇಳುವುದೇನೆಂದರೆ, ಮದ್ಯದ ಚಟ ಹತ್ತಿದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ.

ನಮ್ಮ ಹುಡುಗ ಆ ಒಬ್ಬರ ಸಾಲಿಗೆ ಸೇರಿದ. ನಮ್ಮಿಂದಲ್ಲ. ಫುಟ್‌ಪಾತಿನಲ್ಲಿ ಬಿದ್ದಿದ್ದವನನ್ನು ಕಂಡು ಅವನ ಅಕ್ಕನಿಗೆ ತಿಳಿಸಿದವನು ಒಬ್ಬ ಹಾಲಿನವನು. ಮೂರು ತಿಂಗಳ ಚಿಕಿತ್ಸೆ ಮುಗಿಸಿ ಹುಡುಗ ಈಗ ಅಕ್ಕನ ಮನೆಯಲ್ಲಿದ್ದಾನೆ. ಹಳೆಯ ಖೋಲಿಗೆ ಬರಬಹುದೇ ಎಂದು ಕಾಗದ ಬರೆದಿದ್ದಾನೆ. ಕದ್ದ ಹಣವನ್ನು ತಿಂಗಳಿಗೆ ಇಷ್ಟೆಂದು ತೀರಿಸುವೆ ಎಂದೂ ಬರೆದಿದ್ದಾನೆ.

ಸಮಿತಿಯಲ್ಲಿ ಇದರ ಬಗ್ಗೆ ಒಮ್ಮತವಾಗಲಿಲ್ಲ. ಒಬ್ಬನಿಗಾಗಿ ಹನ್ನೊಂದು ಜನರ ಪೆಟ್ಟಿಗೆಗಳನ್ನು ಅಪಾಯಕ್ಕೆ ಒಡ್ಡಬೇಕೇ ಎಂದವರಿದ್ದಾರೆ. ಅವರ ಮಾತು ತಳ್ಳಿಹಾಕುವಂಥದಲ್ಲ. ಚಟ ಬಿಟ್ಟವನು ಮತ್ತೆ ಜಾರುವುದು ಸಾಮಾನ್ಯವೆಂದು ಡಾಕ್ಟರರೇ ಹೇಳುತ್ತಾರೆ. ಆದರೆ ನಾವು ಬಹುಮತದಿಂದ ತಮ್ಮ ಮುಂದಿಡುತ್ತಿರುವುದು ಇದು: ಅವನನ್ನು ಸೇರಿಸಿಕೊಳ್ಳುವುದು, ರಾತ್ರಿ ಹತ್ತರ ಮೇಲೆ ಕೆಲಸವಿಲ್ಲದ ಕಡೆ ಅವನಿಗೆ ನೌಕರಿ ನೋಡುವುದು, ಅವನು ಒಪ್ಪಿದಂತೆ ಸಂಬಳ ಅಕ್ಕನ ಖಾತೆಗೆ ಹೋಗುವುದು, ವಾರಕ್ಕೊಮ್ಮೆ ಆಸ್ಪತ್ರೆಗೆ ನಮ್ಮಲ್ಲೊಬ್ಬರು ಜೊತೆಗೆ ಹೋಗುವುದು. ನಿಯಮಾವಳಿಯಲ್ಲಿ "ಹೊರಹಾಕತಕ್ಕದ್ದು" ಎಂದಿರುವಲ್ಲಿ "ಮೊದಲು ಚಿಕಿತ್ಸೆಗೆ ಕಳುಹಿಸತಕ್ಕದ್ದು" ಎಂದು ತಿದ್ದುವುದು.

ಅವನ ಟ್ರಂಕನ್ನು ಅಂದೇ ರಾತ್ರಿ ಯಾರೋ ಮೆಟ್ಟಿಲಿನಿಂದ ಒಳಗೆ ತಂದು ಕಚೇರಿಯ ಅಟ್ಟದ ಮೇಲಿಟ್ಟಿದ್ದಾರೆ. ಯಾರೆಂದು ನಾವು ಕೇಳಿಲ್ಲ. ಈಗ ಸಭೆ ಮಾತನಾಡಲಿ. ಹಣ ಕಳೆದುಕೊಂಡ ಇಬ್ಬರೂ ಇಲ್ಲಿಯೇ ಇದ್ದಾರೆ. ಮೊದಲು ಅವರು ಹೇಳಲಿ.