ಬಳಕೆ ಬದಲಾದ ಚರ್ಚುಗಳು



ಬೆಂಗಳೂರು ದಂಡಿನ ಹೋಲಿ ಟ್ರಿನಿಟಿ ಚರ್ಚು 1851ರಲ್ಲಿ ಎದ್ದದ್ದು ಬ್ರಿಟಿಷ್ ಸೈನಿಕರಿಗಾಗಿ. ಎಂ.ಜಿ. ರಸ್ತೆಯ ಪೂರ್ವದ ತುದಿಯಲ್ಲಿದೆ. ಒಳಗೆ ಗೋಡೆಗಳ ಮೇಲೆ ಸ್ಮಾರಕ ಫಲಕಗಳು: ಸಮುದ್ರ ದಾಟಿ ಬಂದು ತೀರಿಕೊಂಡವರ ಹೆಸರು, ಹುದ್ದೆ, ಪಲ್ಟನ್. ಆ ಪಲ್ಟನ್ನುಗಳು ಹೊರಟುಹೋದವು. ಅವರು ಸಾಲಾಗಿ ಕೂರುತ್ತಿದ್ದ ಕಡೆ ಈಗ ಭಾನುವಾರ ಬೆಂಗಳೂರಿನ ಸಂಸಾರಗಳು ಕೂರುತ್ತವೆ. ಕಟ್ಟಡ ಅದೇ, ಒಡೆತನ ಬೇರೆ. 2011ರಿಂದ ಮೆಟ್ರೊ ನಿಲ್ದಾಣಕ್ಕೂ ಟ್ರಿನಿಟಿ ಎಂದೇ ಹೆಸರು; ಅಲ್ಲಿ ಇಳಿಯುವವರಲ್ಲಿ ಚರ್ಚಿನೊಳಗೆ ಕಾಲಿಟ್ಟವರು ಎಷ್ಟು ಮಂದಿಯೋ!

ಹಾಸನದ ಶೆಟ್ಟಿಹಳ್ಳಿಯ ಕಥೆ ಬೇರೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಊರು ಎದ್ದುಹೋಯಿತು, ರೋಸರಿ ಚರ್ಚು ಉಳಿಯಿತು. ಚಾವಣಿಯಿಲ್ಲ. ಮಳೆಗಾಲದಲ್ಲಿ ಕಮಾನುಗಳ ನಡುವೆ ಹಿನ್ನೀರು, ನೀರಿಳಿದ ಮೇಲೆ ಮದುವೆ ಜೋಡಿಗಳ ಫೋಟೊ. ಮದುವೆ ಮಾತ್ರ ಬೇರೆಲ್ಲೋ!

ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ 13ನೇ ಶತಮಾನದ ಚರ್ಚೊಂದು ಸೈಕಲ್ ನಿಲ್ಲಿಸುವ ಜಾಗವಾಗಿತ್ತು, ಈಗ ಪುಸ್ತಕದಂಗಡಿ. ಶೆಟ್ಟಿಹಳ್ಳಿಗೆ ಅಷ್ಟೆಲ್ಲ ಬೇಡ. ಬಿರುಕು ಬಿಟ್ಟ ಗೋಡೆಗೆ ಯಾರಾದರೂ ಒಂದಿಷ್ಟು ಗಾರೆ ಮೆತ್ತಿದರೆ ಸಾಕು.