ಪ್ರಾಜೆಕ್ಟ್ ಎಂದರೆ ಮುಗಿಯುವ ಕೆಲಸ

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಯೋಜನೆ ಎಂಬ ಮಾತನ್ನು ನಾವು ಎಲ್ಲದಕ್ಕೂ ಬಳಸುತ್ತೇವೆ. ಸರ್ಕಾರದ್ದೂ ಯೋಜನೆ, ಸಾಲದ್ದೂ ಯೋಜನೆ, ಮನಸ್ಸಿನಲ್ಲಿ ಹಾಕಿಕೊಂಡ ಲೆಕ್ಕವೂ ಯೋಜನೆಯೇ. ಆದರೆ ವ್ಯವಹಾರದಲ್ಲಿ ಪ್ರಾಜೆಕ್ಟ್ ಎಂಬ ಮಾತಿಗೆ ಖಚಿತವಾದ ಅರ್ಥವುಂಟು. ಗೊತ್ತಾದ ಒಂದು ಫಲಕ್ಕಾಗಿ, ಇಂತಿಷ್ಟು ಹಣದಲ್ಲಿ, ಇಂಥ ದಿನ ಶುರುಮಾಡಿ ಇಂಥ ದಿನ ಮುಗಿಸುವ ಒಂದು ಬಾರಿಯ ಕೆಲಸವೇ ಪ್ರಾಜೆಕ್ಟು. ಸಾಲ ಕೊಡುವುದು, ವಸೂಲು ಮಾಡುವುದು, ಗೊಬ್ಬರ ಮಾರುವುದು ದಿನನಿತ್ಯದ ವ್ಯವಹಾರ. ಗೋದಾಮು ಕಟ್ಟುವುದು ಪ್ರಾಜೆಕ್ಟು. ಮದುವೆಗೆ ಮುಹೂರ್ತವುಂಟು, ಸಂಸಾರಕ್ಕೆ ಉಂಟೇ? ಇವೆರಡಕ್ಕೂ ಅಷ್ಟೇ ವ್ಯತ್ಯಾಸ.

ಇದನ್ನು ತಿಳಿಯದೆ ನಾವು ಮಾಡಿದ ತಪ್ಪನ್ನು ಈ ಶುಭದಿನದಲ್ಲಿ ನಾವೇ ಒಪ್ಪಿಕೊಳ್ಳೋಣ. ನಮ್ಮ ಗೋದಾಮಿಗೆ ಗುದ್ದಲಿ ಪೂಜೆ ಮಾಡಿದೆವು, ಫೋಟೋ ತೆಗೆಸಿದೆವು. ಮುಗಿಸುವ ದಿನವನ್ನು ಮಾತ್ರ ಠರಾವಿನಲ್ಲಿ ಬರೆಯಲಿಲ್ಲ. ಹೊಣೆ ಯಾರದು ಅಂತ ಗೊತ್ತುಮಾಡಲಿಲ್ಲ. ಎಲ್ಲರ ಕೆಲಸ ಅಂದಮೇಲೆ ಯಾರ ಕೆಲಸವೂ ಅಲ್ಲ ಅಂತಾಯ್ತು. ಗೋಡೆ ಎದ್ದು, ಚಾವಣಿಯಿಲ್ಲದೆ ಎರಡು ಮಳೆಗಾಲ ಕಳೆದವು. ಜಗಲಿಯ ಮೇಲೆ ಪೇರಿಸಿದ್ದ ಯೂರಿಯಾ ಚೀಲಗಳು ನೆನೆದು ಹೋದವು. ಆ ನಷ್ಟ ಬಂದದ್ದು ನಮ್ಮೆಲ್ಲರ ಷೇರಿನ ಲಾಭಾಂಶಕ್ಕೇ.

ಸಹಕಾರಿ ಬಂಧುಗಳು ಬಲ್ಲ ಒಂದು ಒಳ್ಳೆಯ ಉದಾಹರಣೆ ಹೇಳುತ್ತೇವೆ. ದೇಶದ ಕ್ಷೀರ ಕ್ರಾಂತಿಯ ‘ಆಪರೇಷನ್ ಫ್ಲಡ್’ 1970ರಲ್ಲಿ ಶುರುವಾಗಿ, ಮೂರು ಹಂತಗಳಲ್ಲಿ ನಡೆದು, 1996ರಲ್ಲಿ ಮುಗಿಯಿತು. ನಮ್ಮ ರಾಜ್ಯದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನು ಅಭಿವೃದ್ಧಿಯ ಪ್ರಾಜೆಕ್ಟು ಆರಂಭವಾಯಿತು. ಅದಕ್ಕೆಂದೇ ಒಂದು ನಿಗಮವಿತ್ತು. 1984ರಲ್ಲಿ ಆ ಜಾಗಕ್ಕೆ ಕರ್ನಾಟಕ ಹಾಲು ಮಹಾಮಂಡಳ ಬಂತು. ಆ ಪ್ರಾಜೆಕ್ಟುಗಳು ಮುಗಿದವು, ಆದರೆ ಊರೂರಿನ ಡೇರಿಗಳಲ್ಲಿ ಹಾಲು ಅಳೆಯುವುದು ನಿಂತಿಲ್ಲ. ಪ್ರಾಜೆಕ್ಟಿನ ಸಾರ್ಥಕತೆ ಇರುವುದು ಇಲ್ಲೇ. ತಾನು ಮುಗಿದು, ಮುಂದೆ ನಡೆಯುವ ಕೆಲಸಕ್ಕೆ ದಾರಿ ಮಾಡಿಕೊಟ್ಟು ಹೋಗಬೇಕು.

ಆದ್ದರಿಂದ ಗೋದಾಮಿನ ಚಾವಣಿ ಕೆಲಸಕ್ಕೆ ಕೈಹಾಕುವ ಮೊದಲು ಸಂಘದ ಕಚೇರಿಯಲ್ಲಿ ಒಂದು ಬೋರ್ಡು ತೂಗುಹಾಕೋಣ. ಏನು ಕೆಲಸ, ಎಷ್ಟು ಹಣ, ಯಾರ ಹೊಣೆ, ಯಾವತ್ತಿಗೆ ಮುಗಿಯಬೇಕು, ಈ ನಾಲ್ಕೇ ಸಾಲು ಸಾಕು. ದಿನ ತಪ್ಪಿದರೆ ಯಾಕೆ ತಪ್ಪಿತೆಂದು ಮಹಾಸಭೆಯಲ್ಲಿ ನೀವು ಕೇಳಬೇಕು. ಕೇಳಿದರೆ ಬೇಜಾರಾದೀತು ಅಂತ ಸುಮ್ಮನಿರಬೇಡಿ, ಉತ್ತರ ಹೇಳಲು ನಾವೂ ಹಿಂಜರಿಯುವುದಿಲ್ಲ. ಬರುವ ಮುಂಗಾರಿಗೆ ಒಂದು ಚೀಲವೂ ನೆನೆಯದಿದ್ದರೆ, ಈ ರಜತ ಮಹೋತ್ಸವ ನಿಜವಾಗಿಯೂ ಸಾರ್ಥಕವಾದಂತೆ.