ಕರು ಹಾಕಿದ ಮೊದಲ ನೂರು ದಿನ: ಹಸುವಿಗೆ ಕೊಬ್ಬು ಯಾವುದು, ಎಷ್ಟು?

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಕಲೇಶಪುರ, ಆಲೂರು ಕಡೆ ನಾವು ಯಾವ ಊರಿಗೆ ಹೋದರೂ ಕೇಳುವ ಮಾತು ಒಂದೇ: "ಹಾಲೇನೋ ಚೆನ್ನಾಗಿ ಕೊಡ್ತದೆ ಸಾರ್, ಗಬ್ಬ ಮಾತ್ರ ನಿಲ್ಲಲ್ಲ." ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಹೀಗೆ ನಾಲ್ಕಾರು ಸಲ ಆದರೆ ಮೇವಿನ ಖರ್ಚು ತಾಳಲಾರದೆ ಒಳ್ಳೆಯ ಹಸುವನ್ನೇ ಸಂತೆಗೆ ಹೊಡೆಯುತ್ತೇವೆ.

ನಮ್ಮ ಮಲೆನಾಡು ಗಿಡ್ಡಕ್ಕೆ ಈ ಕಷ್ಟ ಅಷ್ಟಾಗಿ ಇರಲಿಲ್ಲ. ಅದು ಕೊಡುವ ಒಂದೆರಡು ಲೀಟರಿಗೆ ಗುಡ್ಡದಲ್ಲಿ ಮೇಯ್ದದ್ದೇ ಸಾಕಾಗುತ್ತಿತ್ತು. ಎಚ್.ಎಫ್. ಮಿಶ್ರತಳಿಯ ಲೆಕ್ಕವೇ ಬೇರೆ. ಕರು ಹಾಕಿದ ಆರೆಂಟು ವಾರದಲ್ಲಿ ಹಾಲು ಏರುವಷ್ಟು ಏರುತ್ತದೆ. ಹೊಟ್ಟೆತುಂಬ ತಿನ್ನುವ ಶಕ್ತಿ ಬರುವುದು ಅದಕ್ಕಿಂತ ತಿಂಗಳು ತಡವಾಗಿ. ನಮ್ಮ ಮಳೆಗಾಲದ ಹಸಿಹುಲ್ಲಿನಲ್ಲಿ ನೀರೇ ಜಾಸ್ತಿ, ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ. ಆಗ ಹಸು ತನ್ನ ಮೈಯ ಕೊಬ್ಬನ್ನೇ ಕರಗಿಸಿ ಹಾಲು ಕೊಡುತ್ತದೆ. ಕರಗಿದ್ದು ವಿಪರೀತವಾದರೆ ಲಿವರಿಗೆ ಹೊರೆಯಾಗಿ ಕೀಟೋಸಿಸ್ ಬರುತ್ತದೆ, ಹಸು ತಿಂಡಿ ಬಿಡುತ್ತದೆ, ಬೆದೆಯೂ ಮುಂದಕ್ಕೆ ಹೋಗುತ್ತದೆ.

ಕೊಬ್ಬು ಸಹಾಯಕ್ಕೆ ಬರುವುದು ಈ ಹೊತ್ತಿನಲ್ಲಿ. ತೂಕಕ್ಕೆ ತೂಕ, ಧಾನ್ಯದ ಪಿಷ್ಟಕ್ಕಿಂತ ಕೊಬ್ಬಿನಲ್ಲಿ ಸುಮಾರು ಎರಡೂಕಾಲು ಪಟ್ಟು ಶಕ್ತಿಯಿದೆ. ಗಬ್ಬ ಉಳಿಸುವ ಪ್ರೊಜೆಸ್ಟರಾನ್ ಹಾರ್ಮೋನು ತಯಾರಾಗುವುದೂ ಕೊಲೆಸ್ಟರಾಲಿನಿಂದಲೇ.

ಹಾಗೆಂದು ಎಣ್ಣೆ ಹೊಯ್ದು ಕುಡಿಸಬೇಡಿ. ಎಣ್ಣೆ ಮೇವಿನ ನಾರಿಗೆ ಅಂಟಿಕೊಂಡು, ಹುಲ್ಲು ಕರಗಿಸುವ ಸೂಕ್ಷ್ಮಜೀವಿಗಳ ಕೆಲಸ ಕೆಡುತ್ತದೆ. ನೀರಿನಂಶ ಬಿಟ್ಟು ಲೆಕ್ಕ ಹಾಕಿದರೆ, ಒಟ್ಟು ಆಹಾರದಲ್ಲಿ ಕೊಬ್ಬು ನೂರಕ್ಕೆ ಐದಾರು ಪಾಲು ಮೀರಬಾರದು. ಮೀರಿದರೆ ಮೇವು ಜೀರ್ಣವಾಗದು, ಡೈರಿಯಲ್ಲಿ ಫ್ಯಾಟೂ ಇಳಿದೀತು.

ಬೈಪಾಸ್ ಫ್ಯಾಟ್ ಎಂಬುದು ಕೊಬ್ಬಿನ ಆಮ್ಲಕ್ಕೆ ಕ್ಯಾಲ್ಸಿಯಂ ಕೂಡಿಸಿ ಮಾಡಿದ ಪುಡಿ. ಅದು ಮೊದಲ ಹೊಟ್ಟೆಯಲ್ಲಿ ಹೆಚ್ಚು ಕರಗದೆ ಮುಂದೆ ದಾಟಿ, ನಾಲ್ಕನೆಯ ಹೊಟ್ಟೆಯ ಹುಳಿಗೆ ಬಿಡಿಸಿಕೊಳ್ಳುತ್ತದೆ. ಕರು ಹಾಕುವ 10 ದಿನ ಮೊದಲೇ ಸ್ವಲ್ಪ ಸ್ವಲ್ಪ ರೂಢಿಸಿ. ಕರು ಹಾಕಿದ ಮೇಲೆ 90 ದಿನದ ತನಕ, ಹಾಲು ನೋಡಿಕೊಂಡು, ದಿನಕ್ಕೆ 100ರಿಂದ 200 ಗ್ರಾಂ ತಿಂಡಿಯಲ್ಲಿ ಬೆರೆಸಿ ಕೊಡಿ. ಐದಾರು ಲೀಟರಿನ ಹಸುವಿಗೆ ಇದು ದಂಡದ ಖರ್ಚು.

ಒಂದು ಮಾತು ಬಿಚ್ಚಿ ಹೇಳುತ್ತೇವೆ. ಇದು ಗಬ್ಬದ ಔಷಧಿಯಲ್ಲ. ಕೆಲವು ಪ್ರಯೋಗಗಳಲ್ಲಿ ಗಬ್ಬ ನಿಂತ ಹಸುಗಳ ಸಂಖ್ಯೆ ಏರಿದೆ, ಕೆಲವದರಲ್ಲಿ ಹಾಲಷ್ಟೇ ಏರಿದೆ. ಹಸಿರು ಮೇವು, ಪಶು ಆಹಾರ, ಖನಿಜ ಮಿಶ್ರಣ, ಸಾಕಷ್ಟು ನೀರು ಇವು ಮೊದಲು. ಇವಿಲ್ಲದ ಕೊಟ್ಟಿಗೆಯಲ್ಲಿ ಪುಡಿಗೆ ಹಾಕಿದ ದುಡ್ಡು ಹೊಳೆಗೆ ಹಾಕಿದ ಹುಣಸೆ. ಬೆಳಿಗ್ಗೆ ಸಂಜೆ ಬೆದೆ ನೋಡಿ, ಬರೆದಿಡಿ. ಕರು ಹಾಕಿ 60 ದಿನವಾದರೂ ಬೆದೆ ಕಾಣದಿದ್ದರೆ ಪಶುವೈದ್ಯರಿಗೆ ತೋರಿಸಿ. ಮಾರುವ ಯೋಚನೆ ಆಮೇಲಿರಲಿ.

ಸಂಘ 25 ವರ್ಷ ನಡೆದದ್ದು ನಿಮ್ಮ ಕೊಟ್ಟಿಗೆಗಳಿಂದ. ವರ್ಷಕ್ಕೊಂದು ಕರು ಕಂಡ ಕೊಟ್ಟಿಗೆಯೇ ಮುಂದೆಯೂ ಸಂಘದ ಬಂಡವಾಳ.